ಬಿದ್ದ ಬಂಡಿಯನ್ನೆತ್ತುವ ಕೈ

ಸ್ಪರ್ಧೆಯೂ ಸೇವೆಯೂ ಒಂದೇ ಮನಸ್ಸಿನಲ್ಲಿ ನೆಲಸಬಲ್ಲವೆ? ಗೆಲ್ಲಬೇಕೆಂಬ ಹಂಬಲವುಳ್ಳವನು ತನ್ನ ಎದುರಾಳಿಗೆ ಮನಃಪೂರ್ವಕವಾಗಿ ನೆರವಾಗುವುದು ಸಾಧ್ಯವೆ? ಈ ಹಳೆಯ ಪ್ರಶ್ನೆಯನ್ನು ಬಹುಮಂದಿ ರಾಜ್ಯಗಳ ಕಲಹವನ್ನೋ ವ್ಯಾಪಾರದ ಪೈಪೋಟಿಯನ್ನೋ ಮುಂದಿಟ್ಟುಕೊಂಡು ವಿಚಾರಿಸುವರು. ನಾವು ಇಲ್ಲಿ ಅದನ್ನು ಒಂದು ಆಟದ ಮೂಲಕ ವಿಚಾರಿಸಬಯಸುತ್ತೇವೆ. ಮಣ್ಣಿನ ಹಾದಿಯಲ್ಲಿ ಪುಟ್ಟ ವಿದ್ಯುತ್ ಬಗ್ಗಿಗಳನ್ನು ರೇಡಿಯೋ ಅಲೆಗಳಿಂದ ನಡೆಸುವ ಓಟವೇ ಆ ಆಟ. ಇದು ಮಕ್ಕಳಾಟವಲ್ಲವೆ ಎಂದು ವಾಚಕರಲ್ಲಿ ಕೆಲವರು ನಗಬಹುದು. ಚದುರಂಗದ ರಾಜನೂ ಮರದ ತುಂಡೇ. ಆದರೆ ಆಡುವವನ ಬುದ್ಧಿ ಮರದ್ದಲ್ಲ. ವಸ್ತುವು ಕಿರಿದಾದ ಮಾತ್ರಕ್ಕೆ ಅದರಲ್ಲಿ ಪ್ರಕಟವಾಗುವ ಗುಣವು ಕಿರಿದಾಗುವುದಿಲ್ಲ.

ತಂತಿಯ ಸಂಬಂಧವಿಲ್ಲದೆ ಯಂತ್ರವನ್ನು ದೂರದಿಂದ ನಡೆಸಬಹುದೆಂಬುದನ್ನು ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಒಂದು ಚಿಕ್ಕ ದೋಣಿಯಿಂದ ತೋರಿಸಿಕೊಟ್ಟನು. ಈಗ ನಾವು ಹೇಳುವ ಬಗ್ಗಿಯು ಆ ದೋಣಿಯ ವಂಶದಲ್ಲಿ ಬಹು ಕಿರಿಯದು. ಜಪಾನಿನ ತಾಮಿಯಾ ಸಂಸ್ಥೆಯವರು 1979ರಲ್ಲಿ ಸ್ಯಾಂಡ್ ಸ್ಕಾರ್ಚರ್ ಎಂಬ ಬಂಡಿಯನ್ನು ಹೊರತಂದರು. 1984ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಎಲೆಕ್ಟ್ರಿಕ್ಸ್ ಸಂಸ್ಥೆಯಿಂದ ಆರ್‌ಸಿ10 ಎಂಬುದು ಬಂದಿತು. ಮರುವರ್ಷ ಕ್ಯಾಲಿಫೋರ್ನಿಯದ ಡೆಲ್ ಮಾರ್‌ನಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ, ಎರಡು ಚಕ್ರಗಳಿಗೆ ಮಾತ್ರ ಚಾಲನೆಯುಳ್ಳ ಬಂಡಿಗಳ ವರ್ಗದಲ್ಲಿ, ಜೇ ಹಾಲ್ಸಿ ಎಂಬವನು ಇದರಿಂದಲೇ ಗೆದ್ದನು.

ಇಂತಹ ಬಂಡಿಯ ಅಳತೆ ನಿಜವಾದ ವಾಹನದ ಹತ್ತರಲ್ಲೊಂದು ಪಾಲು. ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಆಟದಲ್ಲಿ ಶ್ರದ್ಧೆಯುಳ್ಳವನು ಬಿಡಿಭಾಗಗಳನ್ನು ತಂದು ತಾನೇ ಜೋಡಿಸುವನು. ತನಗೊಪ್ಪದ ಭಾಗವನ್ನು ಅರದಿಂದ ತಿದ್ದುವನು, ಇಲ್ಲವೆ ಹೊಸದಾಗಿ ಕತ್ತರಿಸಿಕೊಳ್ಳುವನು. ಕುಲುಕನ್ನು ತಡೆಯುವ ನಾಲ್ಕು ಸಣ್ಣ ಕೊಳವೆಗಳಲ್ಲಿ ಸಿಲಿಕೋನ್ ಎಣ್ಣೆಯನ್ನು ತುಂಬಬೇಕು. ಒಂದರಲ್ಲಿ ಗಾಳಿಯ ಗುಳ್ಳೆ ಉಳಿದರೂ ಎಡದ ಚಕ್ರವು ಬಲದ ಚಕ್ರದಂತೆ ವರ್ತಿಸದು. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಿಂದ ಸುತ್ತಲು ಎಡೆಕೊಡುವ ಡಿಫರೆನ್ಷಿಯಲ್ಲನ್ನು ಹದವರಿತು ಬಿಗಿಯಬೇಕು. ಮೋಟಾರಿನ ಹಲ್ಲುಚಕ್ರಕ್ಕೂ ಅದು ತಿರುಗಿಸುವ ದೊಡ್ಡ ಹಲ್ಲುಚಕ್ರಕ್ಕೂ ನಡುವೆ ತೆಳು ಕಾಗದದ ದಪ್ಪದಷ್ಟೇ ಸಂದು ಇರಬೇಕು. ಹಿಂದೆ 7.2 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯಿದ್ದ ಸ್ಥಾನದಲ್ಲಿ ಈಗ 7.4 ವೋಲ್ಟಿನ ಲಿಥಿಯಂ ಬ್ಯಾಟರಿ ಬಂದಿದೆ, ಅದನ್ನು 8.4 ವೋಲ್ಟಿಗೆ ಮೀರಿ ತುಂಬಲಾಗದು. ಹೀಗೆ ಬಂಡಿಯೊಂದು ಅಂಕಣಕ್ಕೆ ಬರುವ ವೇಳೆಗೆ ಅದರಲ್ಲಿ ಒಬ್ಬನ ಎಷ್ಟೋ ರಾತ್ರಿಗಳ ದುಡಿಮೆಯು ಅಡಗಿರುವುದು.

ಓಟದ ಅವಧಿ ಸಾಮಾನ್ಯವಾಗಿ ಐದು ನಿಮಿಷ. ಚಾಲಕರೆಲ್ಲರೂ ಎತ್ತರದ ಅಟ್ಟಣೆಯ ಮೇಲೆ ಸಾಲಾಗಿ ನಿಂತು ತಮ್ಮ ತಮ್ಮ ಬಂಡಿಗಳನ್ನು ನಡೆಸುವರು. ದಿಬ್ಬದಿಂದ ನೆಗೆದ ಬಂಡಿಯು ಒಮ್ಮೊಮ್ಮೆ ಚಕ್ರಗಳನ್ನು ಆಕಾಶಕ್ಕೆ ಚಾಚಿ ಮಗುಚಿಬೀಳುವುದು. ಗಡಿಯಾರವು ಅದಕ್ಕಾಗಿ ನಿಲ್ಲುವುದಿಲ್ಲ; ಚಾಲಕನು ಅಟ್ಟಣೆಯನ್ನು ಬಿಟ್ಟು ಇಳಿಯುವಂತಿಲ್ಲ. ಆಗ ಅದನ್ನು ಎತ್ತಿ ನಿಲ್ಲಿಸುವವರು ಯಾರು? ಹಿಂದಿನ ಓಟದಲ್ಲಿ ಓಡಿಸಿದವರೇ. ತನ್ನ ಸರದಿ ಮುಗಿದೊಡನೆ ಪ್ರತಿಯೊಬ್ಬನೂ ಬಂಡಿಯನ್ನು ಬದಿಗಿಟ್ಟು, ಅಂಕಣದ ತಿರುವೊಂದರಲ್ಲಿ ಮಾರ್ಷಲ್ಲನಾಗಿ ನಿಲ್ಲಬೇಕೆಂಬುದು ಈ ಆಟದ ಸಂಪ್ರದಾಯ. ತಪ್ಪಿಸಿಕೊಂಡವನಿಗೆ ಅನೇಕ ಕಡೆಗಳಲ್ಲಿ ದಂಡನೆಯೂ ಉಂಟು.

ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬುದು ಲೋಕದ ಗಾದೆ. ಈ ಅಂಕಣದಲ್ಲಾದರೋ ಬಿದ್ದವನಿಗೆ ಕೈಯನ್ನು ಗೊತ್ತುಮಾಡಿದ್ದಾರೆ. ಪರೀಕ್ಷೆಯು ಇರುವುದು ಇಲ್ಲಿಯೇ. ಅರ್ಹತೆಯ ಸುತ್ತುಗಳಲ್ಲಿ ಬೇರೆ ಬೇರೆ ಗುಂಪಿನವರ ಕಾಲವನ್ನೂ ಒಂದೇ ಪಟ್ಟಿಯಲ್ಲಿ ಹೋಲಿಸುವರು. ಆದ್ದರಿಂದ ನನ್ನ ಕಾಲಬುಡದಲ್ಲಿ ಬಿದ್ದಿರುವ ಬಂಡಿಯು ಪಟ್ಟಿಯಲ್ಲಿ ನನ್ನನ್ನು ಕೆಳಕ್ಕೆ ತಳ್ಳಬಹುದಾದವನದೇ ಆಗಿರಬಹುದು. ನಾನು ಎರಡು ಹೆಜ್ಜೆಯನ್ನು ತುಸು ನಿಧಾನವಾಗಿ ಇಟ್ಟರೆ ಸಾಕು, ಅವನು ಹಿಂದೆ ಬೀಳುವನು. ಯಾರೂ ನನ್ನನ್ನು ದೂರುವಂತಿಲ್ಲ. ಬೇರೆ ಬಂಡಿಗಳು ಹಾದುಹೋಗಲೆಂದು ಕಾದೆನೆಂದರೆ ಮುಗಿಯಿತು. ನಿಯಮವು ನನ್ನನ್ನು ತಿರುವಿನಲ್ಲಿ ನಿಲ್ಲಿಸಬಲ್ಲುದು. ನನ್ನ ಕಾಲಿಗೆ ತ್ವರೆಯನ್ನು ಕೊಡಲಾರದು. ಆ ಎರಡು ಹೆಜ್ಜೆಗಳಿಗೆ ಅಂತಃಸಾಕ್ಷಿಯೊಂದೇ ಸಾಕ್ಷಿ.

ಕಟ್ಟಳೆಯಿಂದ ಮಾಡಿದ ಸೇವೆಯು ಸೇವೆಯೇ ಅಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ದಂಡನೆಯ ಭಯದಿಂದ ನಿಂತವನಿಗೆ ಪುಣ್ಯವೇನು ಬಂದೀತು? ಆದರೆ ಕಟ್ಟಳೆಯ ಪ್ರಯೋಜನವು ಬೇರೆ. ಅದು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ. ಒಳ್ಳೆಯವನಾಗಲು ಅವಕಾಶವಿರುವ ಸ್ಥಳಕ್ಕೆ ಕರೆತಂದು ನಿಲ್ಲಿಸುವುದು. ಅಲ್ಲಿಂದ ಮುಂದಿನದು ಅವನ ಪಾಲಿಗೆ ಸೇರಿದ್ದು.

ಇದಲ್ಲದೆ, ಎದುರಾಳಿಯ ಬಂಡಿಯು ಅಂಗಾತ ಬಿದ್ದಿರುವಾಗ ದೊರೆತ ಮುನ್ನಡೆಯಿಂದ ನನಗೆ ತಿಳಿಯುವುದಾದರೂ ಏನು? ಅವನು ಬೀಳುವಂತೆ ನಡೆಸಿದುದು ಅವನ ತಪ್ಪು. ಅದಕ್ಕೆ ತೆತ್ತ ಕ್ಷಣಗಳು ನ್ಯಾಯವಾದ ಬೆಲೆ. ಆದರೆ ನನ್ನ ಸೋಮಾರಿತನದಿಂದ ಅವನು ಕಳೆದುಕೊಂಡ ಕ್ಷಣಗಳು ಅವನ ಕೌಶಲವನ್ನೂ ಅಳೆಯವು, ನನ್ನದನ್ನೂ ಅಳೆಯವು. ನಾನು ಹದಮಾಡಿದ ಡಿಫರೆನ್ಷಿಯಲ್ಲು ಅವನದಕ್ಕಿಂತ ಮೇಲೋ, ನನ್ನ ಕೈ ಅವನ ಕೈಗಿಂತ ಸ್ಥಿರವೋ ಎಂಬುದನ್ನು ತಿಳಿಯಬೇಕೆಂದೇ ಅಷ್ಟು ರಾತ್ರಿಗಳನ್ನು ಕಳೆದೆನಲ್ಲವೆ? ಹೆಜ್ಜೆಯನ್ನು ತಡಮಾಡಿದ ಕೂಡಲೇ ಆ ಪ್ರಶ್ನೆಯ ಉತ್ತರವನ್ನು ನಾನೇ ಕೆಡಿಸಿಕೊಂಡಂತಾಯಿತು. ಆದುದರಿಂದ ಸೇವೆಯು ಸ್ಪರ್ಧೆಗೆ ವಿರೋಧಿಯಲ್ಲ. ಅದಿಲ್ಲದೆ ಸ್ಪರ್ಧೆಯು ಅರ್ಥವನ್ನೇ ಕಳೆದುಕೊಳ್ಳುವುದು. ಇದರರ್ಥ, ಓಟದಲ್ಲಿ ಎದುರಾಳಿಗೆ ರಿಯಾಯಿತಿ ತೋರಬೇಕೆಂದಲ್ಲ. ಅಟ್ಟಣೆಯ ಮೇಲೆ ನಿಂತಾಗ ಪೂರ್ಣಶಕ್ತಿಯಿಂದ ಓಡಿಸುವುದೂ ಅವನಿಗೆ ತೋರುವ ಗೌರವವೇ.

ಸ್ವತಃ ಬಂಡಿಯನ್ನು ಕಟ್ಟಿದವನಿಗೆ ಈ ಧರ್ಮವು ಸುಲಭವಾಗಿ ಹಿಡಿಸುವುದೆಂದು ನಮ್ಮ ನಂಬಿಕೆ. ಮಗುಚಿದ ಬಂಡಿಯ ತಳದಲ್ಲಿ ಅವನಿಗೆ ಕಾಣುವುದು ಎದುರಾಳಿಯ ಹೆಸರಲ್ಲ. ಅರದಿಂದ ಉಜ್ಜಿದ ಅಂಚು, ತೇಯ್ದು ಹೋದ ತಿರುಪು, ಎಣ್ಣೆ ಜಿನುಗಿದ ಕೊಳವೆ. ಇದರ ಹಿಂದಿನ ದುಡಿಮೆ ಎಂತಹುದೆಂದು ಅವನ ಬೆರಳುಗಳಿಗೆ ಗೊತ್ತು. ಆದ್ದರಿಂದ ಅವನು ಅದನ್ನು ಎಸೆಯುವುದಿಲ್ಲ. ಓಡಿಹೋಗಿ ಎತ್ತುವನು, ಹಾದಿಗೆ ಮುಖಮಾಡಿಸಿ ನೆಲಕ್ಕೆ ಮುಟ್ಟಿಸುವನು, ಕೂಡಲೇ ಕೈಬಿಟ್ಟು ತನ್ನ ತಿರುವಿಗೆ ಹಿಂದಿರುಗುವನು.