ಬೆಟ್ಟ ಹತ್ತುವ ಬ್ಯಾಗಿನಲ್ಲಿ ಏನಿರಬೇಕು

ಮಹಾನವಮಿಯ ಬೆಳಗ್ಗೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಸ್ಕೂಟರು, ಈಳಿಗೆಮಣೆ, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕ್ಯಾಮೆರಾವೂ ಕೂರುತ್ತದೆ. ಫೋಟೊಗ್ರಫಿ ಹವ್ಯಾಸವಿದ್ದವರು ಹಿಂದಿನ ರಾತ್ರಿಯೇ ಬ್ಯಾಗ್ ಖಾಲಿ ಮಾಡಿ, ಬ್ಲೋಅರ್‌ನಿಂದ ಧೂಳು ಊದಿ, ಒಂದೊಂದನ್ನೇ ಮಣೆಯ ಮೇಲೆ ಜೋಡಿಸಿರುತ್ತಾರೆ. ಎರಡು ಬಾಡಿ, ಮೊದಲ ಕ್ಯಾಮೆರಾದ ಜೊತೆಗೇ ಬಂದ 18-55 ಲೆನ್ಸು, ಒಂದು 50 ಎಂ.ಎಂ., ಒಂದು ಮ್ಯಾಕ್ರೊ, ಒಂದು ಟೆಲಿ, ಎರಡು ಫ್ಲ್ಯಾಶು, ಟ್ರೈಪಾಡು. ಗಾಜಿಗೆ ತಾಗದಂತೆ ಹುಷಾರಾಗಿ ಕ್ಯಾಪಿನ ಮೇಲೆ ಕುಂಕುಮದ ಬೊಟ್ಟು, ಮೇಲೊಂದು ಚೆಂಡುಹೂವು. ಪೂಜೆಗೆ ಕೂತ ಆಯುಧವನ್ನು ಅಂದು ದುಡಿಸಬಾರದು ಎಂಬುದು ರೂಢಿ. ಹಾಗಾಗಿ ಅವನ್ನು ಸುಮ್ಮನೆ ನೋಡುವುದಷ್ಟೇ ಉಳಿಯುತ್ತದೆ. ವರ್ಷವಿಡೀ ಬ್ಯಾಗಿನಿಂದ ಹೊರಗೆ ಬಾರದ ಒಂದೆರಡು ಆ ಸಾಲಿನಲ್ಲಿ ಇದ್ದೇ ಇರುತ್ತವೆ. ಸಲಕರಣೆಗೆ ಕೈಮುಗಿಯುವುದು ಸರಿ. ಆದರೆ ಭಕ್ತಿ ಯಾವ ಗಳಿಗೆಯಲ್ಲಿ ಮೋಹವಾಗುತ್ತದೆ?

ಈ ಪ್ರಶ್ನೆಯನ್ನು ಜೈನರಷ್ಟು ಕೂಲಂಕಷವಾಗಿ ಬಿಡಿಸಿ ನೋಡಿದವರು ಕಡಿಮೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಪರಿಗ್ರಹದ, ಎಂದರೆ ವಸ್ತುಗಳನ್ನು ತನ್ನದಾಗಿಸಿಕೊಳ್ಳುವುದರ, ಲಕ್ಷಣ ಹೇಳುವಾಗ ಮನೆಯಲ್ಲಿ ಎಷ್ಟು ಸಾಮಾನಿದೆ ಎಂದು ಎಣಿಸಲು ಹೋಗುವುದಿಲ್ಲ. ವಸ್ತುವಿನೆದುರು ಮನಸ್ಸಿಗೆ ಕವಿಯುವ ಮೂರ್ಛೆಗೇ ಅದು ಆ ಹೆಸರು ಕೊಡುತ್ತದೆ. ಆ ಮಾತು ಎಷ್ಟು ನಿಜವೆಂದು ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಲೆನ್ಸಿನ ವಿಮರ್ಶೆ ನೋಡುತ್ತ ಕೂತವರಿಗೆ ಗೊತ್ತು. ಪಕ್ಕದಲ್ಲಿ ಮಗು ಹೋಂವರ್ಕಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದೆ. ಟೇಬಲ್ ಲ್ಯಾಂಪಿನ ಹಳದಿ ಬೆಳಕು ಅದರ ಒಂದು ಕೆನ್ನೆಗೆ ಮಾತ್ರ ಬಿದ್ದಿದೆ. ಇರುವ ಕ್ಯಾಮೆರಾಕ್ಕೇ ದಕ್ಕುವಂಥ ಚಿತ್ರ ಅದು. ಬರಲಿರುವ ಕ್ಯಾಮೆರಾದಲ್ಲಿ ಮುಳುಗಿದ ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಲೆಕ್ಕ ಹಾಕಿದರೆ ಮೂರ್ಛೆ ಸ್ವಲ್ಪ ಇಳಿಯುತ್ತದೆ. 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್, 45 ಮೆಗಾಪಿಕ್ಸೆಲ್‌ನದ್ದು ಸುಮಾರು 8250. ಹೆಸರಿನಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು, ಗೋಡೆಗೆ ಹಾಕುವ ಪ್ರಿಂಟಿನ ಅಗಲದಲ್ಲಿ ಒಂದೂವರೆ ಪಟ್ಟೂ ಇಲ್ಲ. ಎಫ್ 1.8 ಕೊಟ್ಟು ಎಫ್ 1.4 ಲೆನ್ಸ್ ತಂದರೆ ಸಿಗುವ ಬೆಳಕು 1.65 ಪಟ್ಟು. ಬೆಲೆ ಸಾಮಾನ್ಯವಾಗಿ ಅದಕ್ಕಿಂತ ಬಹಳ ಮೇಲೆ ಹಾರುತ್ತದೆ. ಅದೇ ಬರಿಯ ಬಲ್ಬಿನಿಂದ ನಾಲ್ಕಡಿ ದೂರ ಕೂತವರನ್ನು ಎರಡಡಿಗೆ ಕರೆದರೆ ಮುಖದ ಮೇಲಿನ ಬೆಳಕು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ದೂರ ಅರ್ಧವಾದರೆ ಬೆಳಕು ನಾಲ್ಮಡಿ ಎಂಬುದು ಭೌತಶಾಸ್ತ್ರದ ನಿಯಮ. “ಅಜ್ಜಿ, ಸ್ವಲ್ಪ ಈಚೆ ಬನ್ನಿ” ಎಂದರಾಯಿತು. ಇನ್ನೊಂದು ಕೆನ್ನೆ ತೀರಾ ಕಪ್ಪಾದರೆ ಆ ಬದಿಗೆ ಬಿಳಿ ಥರ್ಮಾಕೋಲ್ ಹಲಗೆ ಹಿಡಿಯಬಹುದು, ಇಲ್ಲವೇ ಒಗೆದು ಮಡಿಸಿಟ್ಟ ಬಿಳಿ ಪಂಚೆ.

ಹಾಗೆಂದು ಹಳೇ ಕ್ಯಾಮೆರಾದಲ್ಲೇ ಪುಣ್ಯವಿದೆ ಎನ್ನುವುದು ಇನ್ನೊಂದು ಮೂಢನಂಬಿಕೆ. ಗೂಡು ಕಟ್ಟಿದ ಹಕ್ಕಿಯನ್ನೇ ನೋಡಿ. 600 ಎಂ.ಎಂ. ಲೆನ್ಸಿನವರು ಮೂವತ್ತು ಮೀಟರ್ ಆಚೆ ನಿಂತು ಪಡೆಯುವ ಚಿತ್ರವನ್ನು 200 ಎಂ.ಎಂ. ಲೆನ್ಸಿನವರು ಅಷ್ಟೇ ದೊಡ್ಡದಾಗಿ ಪಡೆಯಲು ಹತ್ತು ಮೀಟರಿಗೆ ಹೋಗಬೇಕು. ತಾಯಿಹಕ್ಕಿ ಹೆದರಿ ಹಾರಿದರೆ ಮರಿಗಳು ಬಿಸಿಲಿಗೆ ಬೇಯುತ್ತವೆ, ಕಾಗೆಗೆ ಗೂಡಿನ ಗುಟ್ಟು ಸಿಗುತ್ತದೆ. ಇಲ್ಲಿ ದುಬಾರಿ ಲೆನ್ಸೇ ಅಹಿಂಸೆಗೆ ಹತ್ತಿರ. ಆ ಲೆನ್ಸ್ ಇಲ್ಲದವರು ಹಕ್ಕಿ ಚಿಕ್ಕದಾಗಿಯೇ ಇರಲಿ ಎಂದು ಬಿಡುವುದು ಒಳ್ಳೆಯದು. ಮರ, ಆಕಾಶಗಳ ನಡುವೆ ಚಿಕ್ಕ ಹಕ್ಕಿಯೂ ಚಂದವೇ.

ಗಾಂಧೀಜಿಯವರ ಆಶ್ರಮದ ವ್ರತಗಳಲ್ಲಿ ಅಪರಿಗ್ರಹವೂ ಒಂದು. ಅಂಥದೊಂದು ಮಿತಿಯ ಬಿಸಿ ಒಮ್ಮೆ ಕ್ಯಾಮೆರಾಕ್ಕೂ ತಟ್ಟಿತು. 1946ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಮಾರ್ಗರೆಟ್ ಬರ್ಕ್-ವೈಟ್ ಅವರು ಚರಕದ ಬಳಿ ಕೂತ ಗಾಂಧೀಜಿಯ ಚಿತ್ರ ತೆಗೆಯಲು ಬಂದರು. ಮೊದಲು ನೂಲುವುದನ್ನು ಕಲಿಯಿರಿ ಎಂದರು ಕಾರ್ಯದರ್ಶಿ. ಕಲಿತರು. ಕೋಣೆಯೊಳಗೆ ಮಬ್ಬು. ಫ್ಲ್ಯಾಶ್ ಬಲ್ಬು ಮೂರೇ ಮೂರು ಎಂಬ ಷರತ್ತು. ಅಂದಿನ ಬಲ್ಬು ಒಮ್ಮೆ ಮಿಂಚಿದರೆ ಮುಗಿಯಿತು. ಮೊದಲಿನ ಎರಡೂ ವ್ಯರ್ಥವಾಗಿ ಮೂರನೆಯದು ದಕ್ಕಿತೆಂದು ಆಕೆಯೇ ಹೇಳಿಕೊಂಡಿದ್ದಾರೆ. ಇಂದಿನ ಫ್ಲ್ಯಾಶು ಒಂದು ಚಾರ್ಜಿಗೆ ನೂರಾರು ಸಲ ಮಿಂಚುತ್ತದೆ. ಆದರೆ ಮೂರನೆಯ ಬಲ್ಬನ್ನು ಹೋಲ್ಡರಿಗೆ ಸಿಕ್ಕಿಸುವಾಗ ಆಕೆಯ ಕಣ್ಣಲ್ಲಿ ಎಂಥ ಎಚ್ಚರ ಇದ್ದಿರಬೇಕು! ನೂಲು ತೆಗೆದು ಕಲಿತ ಕೈಗೆ ಚರಕದ ಲಯವೂ ಗೊತ್ತಿತ್ತು. ಕಾರ್ಯದರ್ಶಿ ಹಾಕಿದ ಎರಡು ಷರತ್ತಿನಲ್ಲಿ ಮೊದಲನೆಯದೇ ಹೆಚ್ಚು ಬೆಲೆಯುಳ್ಳದ್ದು ಎನ್ನಬೇಕು.

ಪಿಂಛ, ಕಮಂಡಲು, ಶಾಸ್ತ್ರಗ್ರಂಥ ಇಷ್ಟರಲ್ಲೇ ಬದುಕುವುದು ದಿಗಂಬರ ಮುನಿಗಳ ದಾರಿ. ಮನೆ, ಮಕ್ಕಳು, ನೌಕರಿ ಇರುವವರಿಗೆ ಜೈನಧರ್ಮ ಅಷ್ಟು ಕಟ್ಟುನಿಟ್ಟು ಮಾಡಿಲ್ಲ. ಶ್ರಾವಕರ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಇಷ್ಟು ಹೊಲ, ಇಷ್ಟು ಬಂಗಾರ, ಇಷ್ಟು ಧಾನ್ಯ ಎಂದು ಗಡಿಯನ್ನು ತಾವೇ ಮೊದಲೇ ಹಾಕಿಕೊಳ್ಳುವುದು. ಇದರ ಜಾಣ್ಮೆ ಇರುವುದು ‘ಮೊದಲೇ’ ಎನ್ನುವಲ್ಲಿ. ಆಸೆ ಕೆರಳಿದ ಮೇಲೆ ಗಡಿ ಹಾಕಲು ಕೂತರೆ ಗಡಿ ಆಸೆಯ ಹಿಂದೆಯೇ ಓಡುತ್ತದೆ. ‘ನನ್ನ ದುಡ್ಡು, ನನ್ನ ಲೆನ್ಸು, ಯಾರಿಗೇನು?’ ಎಂದು ಕೇಳುವವರಿಗೆ ಶರಣೆ ಆಯ್ದಕ್ಕಿ ಲಕ್ಕಮ್ಮನ ಕತೆ ನೆನಪಾಗಬೇಕು. ಶರಣರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಆಕೆಯ ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚು ತಂದ. ಅದು ಕದ್ದ ಅಕ್ಕಿಯಲ್ಲ, ಎಂದಿನಂತೆ ಆಯ್ದದ್ದೇ. ಆದರೂ ದಿನದ ಅಗತ್ಯಕ್ಕಿಂತ ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಆಕೆ ಗಂಡನನ್ನು ಹಿಂದಕ್ಕೆ ಕಳಿಸಿದಳು.

ಹಾಗೆ ಅಗತ್ಯಕ್ಕಿಂತ ಹೆಚ್ಚಾಗಿ ಬಳಸದೆ ಉಳಿದ ಲೆನ್ಸಿಗೆ ಏನಾಗುತ್ತದೆಂದು ಮಲೆನಾಡಿನವರನ್ನು ಕೇಳಬೇಕು. ಎರಡು ಮಳೆಗಾಲ ಕತ್ತಲ ಬ್ಯಾಗಿನಲ್ಲೇ ಉಳಿದರೆ ಒಳಗಾಜಿನ ಅಂಚಿಗೆ ಜೇಡರಬಲೆಯಂಥ ಬಿಳಿ ಎಳೆಗಳು ಹಬ್ಬುತ್ತವೆ. ಅದು ಫಂಗಸ್. ಗಾಜಿನ ಲೇಪವನ್ನೇ ತಿನ್ನುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿ ಅದನ್ನು ತಡೆಯುತ್ತದೆ. ಆಗಾಗ ಹೊರಗೆ ತೆಗೆದು ಬೆಳಕು, ಒಣಗಾಳಿ ಕಾಣಿಸಿದರೂ ಲೆನ್ಸು ಬಹಳ ಕಾಲ ಉಳಿಯುತ್ತದೆ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಕೆಳಗೆ ಹಗುರ ಅನ್ನಿಸಿದ ಬ್ಯಾಗು ಅರ್ಧ ಹತ್ತುವಷ್ಟರಲ್ಲಿ ಭುಜ ಕೊಯ್ಯುತ್ತದೆ. ಮೇಲೆ, ಚಾವುಂಡರಾಯ 981ರ ಸುಮಾರಿಗೆ ನಿಲ್ಲಿಸಿದ 58 ಅಡಿಯ ಗೊಮ್ಮಟ, ಎಲ್ಲ ಬಿಟ್ಟು ನಿಂತವನು. ಗೈಡ್ ನಂಬರ್ 60 ಇರುವ ದೊಡ್ಡ ಫ್ಲ್ಯಾಶ್ ಕೂಡ ಐಎಸ್‌ಒ 100, ಎಫ್ 8ರಲ್ಲಿ ಏಳೂವರೆ ಮೀಟರ್ ಮುಟ್ಟಿ ಸೋಲುತ್ತದೆ. ಮೂರ್ತಿಯ ಎತ್ತರವೇ ಹದಿನೇಳು ಮೀಟರ್ ದಾಟಿದೆ. ಮೂರ್ತಿ ಉತ್ತರಕ್ಕೆ ಮುಖ ಮಾಡಿದೆ. ಮಾಗಿಯಲ್ಲಿ ಸೂರ್ಯ ಬೆನ್ನ ಹಿಂದೆ ಸರಿಯುವುದರಿಂದ ಮುಖಕ್ಕೆ ನೇರ ಬಿಸಿಲಿಲ್ಲ. ಮೇ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ವಾಲಿ ಹುಟ್ಟುತ್ತಾನೆ. ಆಗ ಬೆಳಗಿನ ಬಿಸಿಲು ಸುತ್ತಾಲಯದ ಗೋಡೆಯ ಮೇಲಿಂದ ಬಂದು ಗುಂಗುರು ಕೂದಲಿಗೆ ತಾಗಿ, ಬಲಗೆನ್ನೆಯ ಮೇಲೆ ಓರೆಯಾಗಿ ಇಳಿಯುತ್ತದೆ. ಪಾದಗಳಿನ್ನೂ ನೆರಳಿನಲ್ಲೇ ಇರುತ್ತವೆ. ಒಂದೇ ಲೆನ್ಸ್ ಹೊತ್ತು ಬಂದು ಕಂಬಕ್ಕೆ ಒರಗಿ ಕಾಯುತ್ತಿದ್ದವರು ಆಗ ಎದ್ದು ನಿಲ್ಲುತ್ತಾರೆ.