ಆಟವೂ ಅಂತಸ್ಸಾಕ್ಷಿಯೂ

ಯಾರೂ ನೋಡದ ಎಡೆಯಲ್ಲಿ ಮಾಡಿದ ಕೆಲಸಕ್ಕೆ ಧರ್ಮಾಧರ್ಮಗಳ ಸಂಬಂಧವುಂಟೆ ಎಂಬ ಪ್ರಶ್ನೆ ಬಹು ಹಳೆಯದು. ಅದಕ್ಕೆ ನಮ್ಮ ಹಿರಿಯರು ಹೇಳಿದ ಉತ್ತರವೂ ಎಲ್ಲರಿಗೂ ತಿಳಿದದ್ದೇ. ಆದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನೋಡುವವರೂ ಇಲ್ಲ, ನೋಯುವವರೂ ಇಲ್ಲ ಎನ್ನುವ ಎಡೆಯಲ್ಲಿ ಮಾಡಿದ ಕೆಲಸದ ಮಾತೇನು ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ಒದಗುವುದಿಲ್ಲ. ಕನಸೊಂದನ್ನು ಬಿಟ್ಟರೆ ಹಿಂದಿನವರಿಗೆ ಇಂಥ ಎಡೆ ಅಪರೂಪವಾಗಿದ್ದಿತು. ನಮ್ಮ ಕಾಲದಲ್ಲಿ ಅದು ಮನೆಮನೆಯಲ್ಲಿಯೂ ಉಂಟು. ಗಣಕಯಂತ್ರದ ಗಾಜಿನ ಮೇಲೆ ಆಡುವ ಆಟವೇ ಅದು. ಅಂಥ ಹಳೆಯ ಆಟವೊಂದನ್ನು ಬಹುಕಾಲದ ಮೇಲೆ ಈಚೆಗೆ ಮತ್ತೆ ಆಡಿ ನೋಡಿದಾಗ ಈ ಪ್ರಶ್ನೆ ನನ್ನಲ್ಲಿ ಬಲವಾಯಿತು. ವಾಚಕರ ವಿಮರ್ಶೆಗಾಗಿ ಅದನ್ನು ಇಲ್ಲಿ ಮುಂದಿಡುತ್ತೇನೆ.

ಆಟದ ಹೆಸರು ‘ಎಲೀಟ್’. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬನ್, ಇಯಾನ್ ಬೆಲ್ ಎಂಬ ಇಬ್ಬರು ತರುಣರು ಅದನ್ನು ರಚಿಸಿದರು. 1984ರ ಸೆಪ್ಟೆಂಬರಿನಲ್ಲಿ ಏಕಾರ್ನ್‌ಸಾಫ್ಟ್ ಸಂಸ್ಥೆಯವರು ಪ್ರಕಟಿಸಿದರು. ಅದು ಮೊದಲು ನಡೆದದ್ದು ಬಿ.ಬಿ.ಸಿ. ಮೈಕ್ರೊ ಎಂಬ ಗೃಹಗಣಕದ ಮೇಲೆ. ಕೇಂಬ್ರಿಜಿನ ಏಕಾರ್ನ್ ಕಂಪೆನಿ 1981ರಲ್ಲಿ ಹೊರತಂದ ಈ ಯಂತ್ರದ ‘ಬಿ’ ಮಾದರಿಗೆ ಇದ್ದ ಸ್ಮೃತಿಶಕ್ತಿ ಕೇವಲ 32 ಕಿಲೋಬೈಟು. ಇಂದು ಕೈಫೋನಿನಲ್ಲಿ ತೆಗೆದ ಒಂದು ಭಾವಚಿತ್ರಕ್ಕೆ ಇದರ ಹತ್ತಾರು ಪಾಲು ಎಡೆ ಬೇಕು. ನಮ್ಮ ದೇಶದಲ್ಲಿ 1984-85ರಲ್ಲಿ ಕೇಂದ್ರ ಸರ್ಕಾರದವರು ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿ, ಶಾಲೆಗಳಿಗೆ ಗಣಕಗಳನ್ನು ಕೊಟ್ಟಾಗ ಆಯ್ದುಕೊಂಡದ್ದೂ ಈ ಯಂತ್ರವನ್ನೇ. ನಾನು ಸಂಸ್ಕೃತ ಹೇಳಿಕೊಡುತ್ತಿದ್ದ ಶಾಲೆಗೂ ಹೀಗೆಯೇ ಅದು ಬಂದಿತು. ಇಂದು ಆ ಯಂತ್ರಗಳು ಮೂಲೆ ಸೇರಿದ್ದರೂ, ಎಮ್ಯುಲೇಟರ್ ಎಂಬ ತಂತ್ರಾಂಶವು ಹೊಸ ಗಣಕಕ್ಕೆ ಹಳೆಯದರ ವೇಷವನ್ನು ತೊಡಿಸಿ ಆಟವನ್ನು ಇದ್ದಂತೆಯೇ ಆಡಿಸುತ್ತದೆ.

ಆಟದ ಸ್ವರೂಪವಿಷ್ಟು. ಆಡುವವನು ಒಂದು ಆಕಾಶನೌಕೆಯ ಒಡೆಯ. ಲೇವ್ ಎಂಬ ಗ್ರಹದ ಬಳಿ, ಕೈಯಲ್ಲಿ ನೂರು ನಾಣ್ಯಗಳಿಟ್ಟುಕೊಂಡು ಹೊರಡುತ್ತಾನೆ. ಗ್ರಹದಿಂದ ಗ್ರಹಕ್ಕೆ ಹೋಗಿ ಸರಕನ್ನು ಕೊಂಡು ಮಾರಬೇಕು. ದಾರಿಯಲ್ಲಿ ಅಡ್ಡಗಟ್ಟುವ ದರೋಡೆಗಾರರ ಮೇಲೆ ಕಿರಣಾಸ್ತ್ರವನ್ನು ಪ್ರಯೋಗಿಸಬೇಕು. ತನ್ನ ಅಕ್ಷದ ಮೇಲೆ ತಿರುಗುತ್ತಿರುವ ನಿಲ್ದಾಣದ ಕಿರುಬಾಗಿಲಿನೊಳಕ್ಕೆ ನೌಕೆಯನ್ನು ತಾಗದಂತೆ ನುಗ್ಗಿಸಬೇಕು. ನೌಕೆಗಳೆಲ್ಲ ಬರಿಯ ರೇಖೆಗಳು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಎಳೆದ ಕ್ಷೇತ್ರಗಣಿತದ ಆಕೃತಿಗಳಿಗೆ ಪ್ರಾಣ ಬಂದಂತೆ ಕಾಣುತ್ತವೆ. ಎಂಟು ಬ್ರಹ್ಮಾಂಡಗಳು, ಒಂದೊಂದರಲ್ಲಿ 256ರಂತೆ ಒಟ್ಟು 2048 ಲೋಕಗಳು. ಇಷ್ಟನ್ನು ಅಷ್ಟು ಕಿರಿಯ ಯಂತ್ರದಲ್ಲಿ ಅಡಗಿಸಿದ ಬಗೆ ನಿಜವಾಗಿಯೂ ಅದ್ಭುತವಾದದ್ದು. ಆ ಲೋಕಗಳನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಆರು ಬೈಟುಗಳ ಒಂದು ಬೀಜವುಂಟು. ಅದು ಮೂರು ಸಂಖ್ಯೆಗಳಾಗಿರುತ್ತದೆ. ಅವನ್ನು ಕೂಡಿ ಮುಂದಿನ ಸಂಖ್ಯೆಯನ್ನು ಪಡೆಯುತ್ತ ಹೋದರೆ ಪ್ರತಿಯೊಂದು ಲೋಕದ ಹೆಸರು, ಆಡಳಿತ, ಕೃಷಿ ಕೈಗಾರಿಕೆಗಳ ಸ್ಥಿತಿ, ಎಲ್ಲವೂ ಅದರಿಂದಲೇ ಹೊರಡುತ್ತವೆ. ಬೀಜದ ಪ್ರತಿಯೊಂದು ಬೈಟಿನ ಅಂಕೆಗಳನ್ನು ಒಂದು ಸ್ಥಾನ ಹೊರಳಿಸಿದರೆ ಮುಂದಿನ ಬ್ರಹ್ಮಾಂಡ. ಎಂಟು ಸಲ ಹೊರಳಿಸಿದರೆ ಮೊದಲಿನದೇ ಮರಳಿ ಬರುತ್ತದೆ. ಆಲದ ಬೀಜದಲ್ಲಿ ಮರವಿರುವುದೆಂದು ಉಪನಿಷತ್ತನ್ನು ಪಾಠ ಹೇಳುವವನಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಕ್ಕದು. ಆದರೆ ಈ ಬೀಜದಲ್ಲಿ ಇಲ್ಲದಿರುವುದೂ ಒಂದುಂಟು. ಆಡುವವನು ಆ ಲೋಕಗಳಲ್ಲಿ ಏನು ಮಾಡುವನೆಂಬುದು ಅದರಲ್ಲಿಲ್ಲ. ಈ ಲೇಖನದ ವಿಷಯ ಅದೇ.

ಆತನು ಮಾಡಿದ್ದನ್ನು ಯಂತ್ರವು ಎರಡು ಖಾತೆಗಳಲ್ಲಿ ಬರೆದುಕೊಳ್ಳುತ್ತದೆ. ಮೊದಲನೆಯದು ಪದವಿಯ ಖಾತೆ. ಹೊರಡುವಾಗ ಆಡುವವನಿಗೆ ‘ನಿರಪಾಯಿ’ ಎಂಬರ್ಥದ ಪದವಿ; ಎಂಟು ನೌಕೆಗಳನ್ನು ಹೊಡೆದುರುಳಿಸಿದರೆ ‘ಬಹುಮಟ್ಟಿಗೆ ನಿರಪಾಯಿ’; ಹೀಗೆಯೇ ಏರುತ್ತ 128ಕ್ಕೆ ‘ಸಮರ್ಥ’, 512ಕ್ಕೆ ‘ಅಪಾಯಕಾರಿ’, 2560ಕ್ಕೆ ‘ಮಾರಕ’. 6400 ಆದಾಗ ಕಟ್ಟಕಡೆಯ ಪದವಿ ‘ಎಲೀಟ್’, ಅರ್ಥಾತ್ ‘ಶ್ರೇಷ್ಠ’. ಬಿದ್ದವನು ದರೋಡೆಗಾರನಾಗಿದ್ದನೆ, ಕಾವಲುಗಾರನಾಗಿದ್ದನೆ, ತನ್ನ ಪಾಡಿಗೆ ಹೋಗುತ್ತಿದ್ದ ವರ್ತಕನಾಗಿದ್ದನೆ ಎಂಬ ಭೇದವು ಈ ಖಾತೆಗಿಲ್ಲ, ಯಾರಾದರೂ ಒಂದೇ. ಸಂಸ್ಕೃತದಲ್ಲಿ ‘ಶ್ರೇಷ್ಠ’ವೆಂಬ ಶಬ್ದಕ್ಕೆ ಪಾಣಿನಿ ಹೇಳುವ ವ್ಯುತ್ಪತ್ತಿ ಇಲ್ಲಿ ನೆನಪಿಗೆ ಬರುತ್ತದೆ. ಅದು ‘ಪ್ರಶಸ್ಯ’ವೆಂಬುದರ ಪರಮಾವಧಿಯ ರೂಪ, ಎಂದರೆ, ಹೊಗಳಿಕೆಗೆ ಅರ್ಹವಾದದ್ದು ಎಂಬ ಮೂಲವಿಲ್ಲದೆ ಶ್ರೇಷ್ಠವೆಂಬ ಮಾತೇ ಹುಟ್ಟುವಂತಿಲ್ಲ. ಯಂತ್ರದ ಶ್ರೇಷ್ಠತೆಗೆ ಆ ಮೂಲದ ಹಂಗಿಲ್ಲ. ಸಂಖ್ಯೆ ತುಂಬಿದರೆ ಸಾಕು.

ಎರಡನೆಯದು ಅಪರಾಧದ ಖಾತೆ. ಇಲ್ಲಿ ಮೂರು ಅಂತಸ್ತುಗಳುಂಟು: ನಿರ್ದೋಷಿ, ಅಪರಾಧಿ, ತಲೆಮರೆಸಿಕೊಂಡವನು. ಪೊಲೀಸರ ನೌಕೆಯನ್ನು ಕೆಡವಿದರೂ, ನಿಷಿದ್ಧವಾದ ಸರಕನ್ನು ತುಂಬಿಕೊಂಡು ನಿಲ್ದಾಣದಿಂದ ಹೊರಟರೂ ದೋಷದ ಅಂಕ ಏರುತ್ತದೆ. ಆ ಸರಕನ್ನು ಕೊಳ್ಳುವುದು ದೋಷವಲ್ಲ, ಹೊತ್ತು ಹೊರಡುವುದು ದೋಷ. ಇದಕ್ಕಿಂತಲೂ ವಿಚಿತ್ರವಾದದ್ದು ಪ್ರಾಯಶ್ಚಿತ್ತದ ಕ್ರಮ. ಒಂದು ಲೋಕದಿಂದ ಇನ್ನೊಂದಕ್ಕೆ ಹಾರಿದಾಗಲೆಲ್ಲ ಆ ಅಂಕವು ಅರ್ಧವಾಗುತ್ತದೆ. ನಾಲ್ಕಾರು ಸಲ ದೂರ ಹಾರಿಬಿಟ್ಟರೆ ಎಂಥವನೂ ನಿರ್ದೋಷಿಯೇ. ಪಶ್ಚಾತ್ತಾಪವೂ ಬೇಡ, ದಂಡವೂ ಬೇಡ, ದೂರವೊಂದಿದ್ದರೆ ಸಾಕು. ಕರ್ಮವು ಮುಗಿದ ಮೇಲೂ ಅದರ ಅಪೂರ್ವವು ಕರ್ತೃವಿನಲ್ಲಿಯೇ ಉಳಿದು, ಆತನು ಎಲ್ಲಿಗೆ ಹೋದರೂ ಜತೆಗೆ ಬರುವುದೆಂದು ಮೀಮಾಂಸಕರು ಸಾಧಿಸಿದರಷ್ಟೆ. ಈ ಖಾತೆಯು ಅದಕ್ಕೆ ನೇರವಾದ ವಿರೋಧ. ಆದರೂ ನಗುವಂತಿಲ್ಲ. ಊರು ಬಿಟ್ಟು ಊರಿಗೆ ಹೋದವನ ಅಪಕೀರ್ತಿ ಹೀಗೆಯೇ ಸವೆಯುವುದನ್ನು ನಾವು ಲೋಕದಲ್ಲಿ ಕಂಡಿಲ್ಲವೆ?

ಈಗ ಪೇಟೆಯನ್ನು ನೋಡೋಣ. ನಿಲ್ದಾಣದಲ್ಲಿ ಮಾರಾಟಕ್ಕಿರುವ ಪದಾರ್ಥಗಳು ಹದಿನೇಳು. ಆಹಾರ, ಬಟ್ಟೆ, ವಿಕಿರಣ ವಸ್ತುಗಳು, ನಾಲ್ಕನೆಯದು ಗುಲಾಮರು, ಅದರ ಕೆಳಗೆ ಮದ್ಯ. ಮುಂದೆ ಮಾದಕ ವಸ್ತುಗಳೂ, ಆಯುಧಗಳೂ, ಚಿನ್ನವೂ ಉಂಟು. ಗುಲಾಮರ ತೂಕವನ್ನು ಆಹಾರದ ಹಾಗೆಯೇ ಟನ್ನುಗಳಲ್ಲಿ ತೋರಿಸಿದೆ. ತಲೆಯೆಣಿಕೆಯೂ ಇಲ್ಲ. ಇನ್ನು ಯುದ್ಧದಲ್ಲಿ ಸೋಲುವ ನೌಕೆಯವನು ಕೆಲವು ವೇಳೆ ಪ್ರಾಣರಕ್ಷಣೆಗಾಗಿ ಒಂದು ಕಿರುಗೂಡಿನಲ್ಲಿ ಕುಳಿತು ಹೊರಕ್ಕೆ ಚಿಮ್ಮುತ್ತಾನೆ. ಆ ಗೂಡು ಶೂನ್ಯದಲ್ಲಿ ತೇಲುತ್ತಿರುತ್ತದೆ. ತಕ್ಕ ಉಪಕರಣವಿರುವವನು ಅದನ್ನು ತನ್ನ ನೌಕೆಯೊಳಕ್ಕೆ ಎಳೆದುಕೊಳ್ಳಬಹುದು. ಎಳೆದುಕೊಂಡರೆ ಆಪತ್ತಿನಲ್ಲಿದ್ದವನನ್ನು ಉಳಿಸಿದ ಪುಣ್ಯ ಬರುವುದೆಂದು ವಾಚಕರು ಎಣಿಸಬಹುದು. ಹಾಗಿಲ್ಲ. ಸರಕಿನ ಪಟ್ಟಿಯನ್ನು ತೆರೆದು ನೋಡಿದರೆ ‘ಗುಲಾಮರು’ ಎಂಬ ಸಾಲಿನಲ್ಲಿ ಅಂಕವು ಏರಿರುತ್ತದೆ. ಮುಂದಿನ ನಿಲ್ದಾಣದಲ್ಲಿ ಮಾರಿದರೆ ಹಣ ಬರುತ್ತದೆ.

ಶಾಲೆಯ ಹುಡುಗರು ಪಾಠ ಮುಗಿದ ಮೇಲೆ ಈ ಆಟವಾಡುತ್ತಿದ್ದಾಗ ಒಮ್ಮೆ ಕಂಡದ್ದನ್ನು ಇಲ್ಲಿ ಹೇಳಬೇಕು. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಎದುರಾಳಿಯನ್ನು ಕೆಡವಿ, ತೇಲುತ್ತಿದ್ದ ಗೂಡಿನ ಹತ್ತಿರಕ್ಕೆ ಹೋಗಿ, ಹಾಗೆಯೇ ಪಕ್ಕಕ್ಕೆ ಸರಿದು ಹೊರಟುಬಿಟ್ಟನು. ಸುತ್ತಲಿದ್ದವರು, ಸುಮ್ಮನೆ ಬರುವ ದುಡ್ಡನ್ನು ಬಿಟ್ಟನೆಂದು ಗದ್ದಲವೆಬ್ಬಿಸಿದರು. ಏಕೆ ಬಿಟ್ಟೆಯಪ್ಪ ಎಂದು ಕೇಳಿದೆ. “ಅದರೊಳಗೆ ಯಾರೋ ಇದ್ದಾರಲ್ಲ ಮೇಷ್ಟ್ರೇ” ಎಂದನು. ಅಷ್ಟೇ ಅವನ ಮಾತು. ಪದವಿಯ ಖಾತೆಯಲ್ಲಿ ಇದಕ್ಕೆ ಅಂಕವಿಲ್ಲ. ಅಪರಾಧದ ಖಾತೆಯಲ್ಲಿ ಇದರ ಹೆಸರಿಲ್ಲ. ಶಾಲೆಯ ಅಂಕಪಟ್ಟಿಯಲ್ಲಿಯೂ ಇದಕ್ಕೊಂದು ಸಾಲಿರಲಿಲ್ಲ. ಮೂರು ಲೆಕ್ಕಗಳಿಗೂ ಸಿಕ್ಕದ ಈ ಕೃತ್ಯವು ಏನೂ ಅಲ್ಲವೆನ್ನಬಹುದೆ?

ಏನೂ ಅಲ್ಲವೆಂಬುದೇ ಪೂರ್ವಪಕ್ಷ. ಗೂಡಿನಲ್ಲಿ ಯಾರೂ ಇರಲಿಲ್ಲ. ಇದ್ದದ್ದು ನಾಲ್ಕಾರು ಗೆರೆಗಳು. ನೋವಿಲ್ಲದ ಕಡೆ ಹಿಂಸೆಯಿಲ್ಲ. ಹಿಂಸೆಯಿಲ್ಲದ ಕಡೆ ದಯೆಯೂ ಇಲ್ಲ. ಚದುರಂಗದಲ್ಲಿ ಕಾಲಾಳನ್ನು ಕೊಲ್ಲುತ್ತೇವೆ, ಚೌಕಾಬಾರದಲ್ಲಿ ಕಾಯಿ ಕಡಿಯುತ್ತೇವೆ. ಇವಕ್ಕೆ ಯಾರು ಪ್ರಾಯಶ್ಚಿತ್ತ ಮಾಡಿಕೊಂಡರು? ಯಕ್ಷಗಾನದಲ್ಲಿ ದುಶ್ಶಾಸನನ ವೇಷ ಹಾಕಿದವನು ಬೆಳಗ್ಗೆ ಬಣ್ಣ ತೊಳೆದ ಮೇಲೆ ಪಾಪಿಯೆ? ಆಟವನ್ನು ಆಟವಾಗಿ ಬಿಡದೆ ಅದರಲ್ಲಿ ಧರ್ಮವನ್ನು ಹುಡುಕುವುದು ಉಪಾಧ್ಯಾಯರ ದುರಭ್ಯಾಸವೆಂದು ಅವರು ಹೇಳಬಹುದು.

ಈ ವಾದದಲ್ಲಿ ಅರ್ಧ ಸತ್ಯವುಂಟು. ಅದನ್ನು ಒಪ್ಪಿಯೇ ಮುಂದೆ ಹೋಗಬೇಕು. ಗೆರೆಗಳನ್ನು ಕೆಡವಿದವನು ಕೊಲೆಗಾರನಲ್ಲ. ಇಂಥ ಆಟಗಳನ್ನು ಆಡಿದ ಮಕ್ಕಳೆಲ್ಲ ಕ್ರೂರಿಗಳಾಗುವರೆಂದು ಹೆದರುವುದಕ್ಕೂ ಕಾರಣವಿಲ್ಲ. ನನ್ನ ಕಣ್ಣೆದುರಿಗೆ ಆಡಿದವರು ಬೆಳೆದು ಸಭ್ಯ ಗೃಹಸ್ಥರಾಗಿದ್ದಾರೆ. ಆದರೆ ಕೊಟ್ಟ ದೃಷ್ಟಾಂತಗಳು ಇಲ್ಲಿಗೆ ಹೊಂದುವುದಿಲ್ಲ. ಚದುರಂಗದಲ್ಲಿ ಕಾಯನ್ನು ಕೊಲ್ಲುವುದು ಆಟದ ವಿಧಿ. ಕೊಲ್ಲದೆ ಆಡುವೆನೆಂದರೆ ಆಟವೇ ಇಲ್ಲ. ದುಶ್ಶಾಸನನ ಕೃತ್ಯವನ್ನು ಕವಿ ಗೊತ್ತುಮಾಡಿದ್ದಾನೆ; ವೇಷಧಾರಿಯು ಅದನ್ನು ಆರಿಸಿಕೊಂಡವನಲ್ಲ. ಎಲೀಟಿನಲ್ಲಿಯಾದರೋ ಆಯ್ಕೆಯೆಲ್ಲ ಆಡುವವನದೇ. ಕೃಷಿಪ್ರಧಾನ ಲೋಕದಲ್ಲಿ ಅಗ್ಗವಾದ ಆಹಾರವನ್ನು ಕೊಂಡು ಕೈಗಾರಿಕಾ ಲೋಕದಲ್ಲಿ ಮಾರಿ, ಅಲ್ಲಿಂದ ಯಂತ್ರಗಳನ್ನು ತಂದು ಇಲ್ಲಿ ಮಾರಿದರೆ ಯಾವ ದೋಷವೂ ಇಲ್ಲದೆ ಐಶ್ವರ್ಯವಂತನಾಗಬಹುದು. ಗುಲಾಮರನ್ನು ಮಾರಿಯೂ ಆಗಬಹುದು. ಆಟವು ಎರಡು ಬಾಗಿಲುಗಳನ್ನೂ ತೆರೆದಿಟ್ಟು ಮಾತಾಡದೆ ನಿಲ್ಲುತ್ತದೆ. ಬಲವಂತವಿಲ್ಲದ ಎಡೆಯಲ್ಲಿ ಮಾಡಿದ ಆಯ್ಕೆಯು ಮಾಡಿದವನದೇ ಎಂಬುದರಲ್ಲಿ ವಿವಾದವಿರಲಾರದು.

ಆಯ್ಕೆಯ ಫಲವು ಹೊರಗೆ ಯಾರನ್ನೂ ಮುಟ್ಟಲಿಲ್ಲ, ನಿಜ. ಆದರೆ ಆಯ್ಕೆ ಮಾಡಿದವನನ್ನು ಮುಟ್ಟುವುದಿಲ್ಲವೆ? ಯೋಗಶಾಸ್ತ್ರಕಾರರು ಚಿತ್ತದ ಪ್ರತಿಯೊಂದು ವೃತ್ತಿಯೂ ಸಂಸ್ಕಾರವನ್ನು ಉಳಿಸಿ ಹೋಗುವುದೆಂದರು. ಆ ಹುಡುಗನಿಗೆ ಗೂಡಿನಲ್ಲಿ ಯಾರೂ ಇಲ್ಲವೆಂಬುದು ತಿಳಿಯದೆ ಇರಲಿಲ್ಲ. ಆದರೂ ‘ಯಾರೋ ಇದ್ದಾರೆ’ ಎಂದು ಭಾವಿಸಿದ ಕ್ಷಣದಲ್ಲಿ ಅವನಿಗೆ ಆ ಇನ್ನೊಬ್ಬನ ಸ್ಥಿತಿಯು ತೋರಿತು. ಕಣ್ಣಿಗೆ ಕಾಣದವನನ್ನು ಹೀಗೆ ಇದ್ದಾನೆಂದು ಭಾವಿಸಬಲ್ಲ ಶಕ್ತಿಯೇ ದಯೆಯ ಬೇರು. ನಿಜವಾದ ಲೋಕದಲ್ಲಿಯೂ ನಾವು ಹಾನಿ ಮಾಡುವುದು ಬಹುಮಟ್ಟಿಗೆ ಕಾಣದವರಿಗೇ. ಕಾಗದದ ಮೇಲಿನ ಒಂದು ಹೆಸರಿಗೆ, ಪಟ್ಟಿಯಲ್ಲಿನ ಒಂದು ಅಂಕಕ್ಕೆ. ಗುಲಾಮರ ವ್ಯಾಪಾರವು ಇತಿಹಾಸದಲ್ಲಿ ಅಷ್ಟು ಕಾಲ ನಡೆದದ್ದು, ಸಂಭಾವಿತರಾದ ಜನರು ದೂರದ ಪಟ್ಟಣದಲ್ಲಿ ಕುಳಿತು ಮನುಷ್ಯರನ್ನು ಲೆಕ್ಕದ ಪುಸ್ತಕದ ಸಾಲಾಗಿ ಕಂಡದ್ದರಿಂದಲೂ ಅಲ್ಲವೆ? ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ತನ್ನ ಸಾಮ್ರಾಜ್ಯದ ಬಹುಭಾಗದಲ್ಲಿ ಗುಲಾಮಗಿರಿಯನ್ನೇ ರದ್ದುಮಾಡುವ ಕಾನೂನು ಮಾಡಿದ್ದು 1833ರಲ್ಲಿ. ಅಲ್ಲಿಯವರೆಗೆ ಅದು ಪೇಟೆಯ ಪಟ್ಟಿಯ ಒಂದು ಸಾಲೇ ಆಗಿದ್ದಿತು.

ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆಯು ದುಷ್ಯಂತನ ಸಭೆಯಲ್ಲಿ ನಿಂತು ಆಡುವ ಮಾತು ಪ್ರಸಿದ್ಧವಾದದ್ದು. ತಾನೊಬ್ಬನೇ ಇದ್ದೆನೆಂದು ಎಣಿಸಿದವನು ಹೃದಯದಲ್ಲಿ ನೆಲಸಿ ಎಲ್ಲವನ್ನೂ ಬಲ್ಲವನನ್ನು ಮರೆತಿದ್ದಾನೆಂಬುದು ಅದರ ತಾತ್ಪರ್ಯ. ಆಕೆಗೆ ಬೇರೆ ಸಾಕ್ಷಿಯಿರಲಿಲ್ಲ. ರಾಜನ ಅಂತಸ್ಸಾಕ್ಷಿಯನ್ನೇ ಕರೆಯಬೇಕಾಯಿತು. ಆಟದಲ್ಲಿರುವ ಮೂರನೆಯ ಖಾತೆಯೂ ಇದೇ. ಯಂತ್ರವು ಅದನ್ನು ಬರೆಯಲಾರದು. ಅದು ಯಂತ್ರದ ದೋಷವಲ್ಲ. ಒಂದನ್ನು ಒಂದಕ್ಕೆ ಕೂಡುವುದು ಅದಕ್ಕೆ ಬರುತ್ತದೆ. ಏಕೆ ಎಂದು ಕೇಳುವುದು ಬರುವುದಿಲ್ಲ. ಬರೆಯಲಾರದ್ದು ಇಲ್ಲವೇ ಇಲ್ಲವೆಂದು ನಾವು ತೀರ್ಮಾನಿಸಿಬಿಟ್ಟರೆ ಆ ದೋಷವು ನಮ್ಮದು.

ಈ ಮಾತು ಆಟಕ್ಕೆ ಮಾತ್ರ ಸಲ್ಲುವುದಾಗಿದ್ದರೆ ಇಷ್ಟು ಬೆಳೆಸಬೇಕಾಗಿರಲಿಲ್ಲ. ಎಲೀಟಿನ ಎರಡು ಖಾತೆಗಳೂ ಇಂದು ಗಾಜಿನ ಹೊರಕ್ಕೆ ಬಂದಿವೆ. ಮನೆಬಾಗಿಲಿಗೆ ಊಟ ತಂದುಕೊಡುವ ಹುಡುಗನ ಯೋಗ್ಯತೆಯನ್ನು ಕೈಫೋನಿನಲ್ಲಿ ನಕ್ಷತ್ರಗಳ ಎಣಿಕೆಯಿಂದ ಗೊತ್ತುಮಾಡುತ್ತೇವೆ, ಮಳೆಯಲ್ಲಿ ಬಿದ್ದ ಮುದುಕಿಯನ್ನು ಎತ್ತಿ ಕೂರಿಸಿ ಬಂದದ್ದರಿಂದ ಅವನಿಗೆ ತಡವಾಯಿತೆಂದು ಇಟ್ಟುಕೊಳ್ಳೋಣ, ಆ ಕೃತ್ಯಕ್ಕೆ ಅಲ್ಲಿ ಸಾಲಿಲ್ಲ, ತಡವಾದದ್ದಕ್ಕೆ ಉಂಟು. ಮಗುವಿನ ಅಂಕಪಟ್ಟಿಯನ್ನು ಕಂಡು ಮಗುವನ್ನು ಕಂಡೆವೆಂದುಕೊಳ್ಳುವ ತಂದೆತಾಯಿಗಳು ಎಷ್ಟು ಮಂದಿ! ಲೆಕ್ಕವಿಲ್ಲದೆ ಲೋಕವ್ಯವಹಾರ ನಡೆಯದು, ಒಪ್ಪತಕ್ಕದ್ದೇ, ಶಾಲೆಯೂ ನಡೆಯದು. ಲೆಕ್ಕವು ಮೌಲ್ಯದ ಒಂದು ಗುರುತೇ ಹೊರತು ಮೌಲ್ಯವಲ್ಲವೆಂಬ ಎಚ್ಚರ ಮಾತ್ರ ತಪ್ಪಬಾರದು.

ಆದುದರಿಂದ ಮೊದಲು ಕೇಳಿದ ಪ್ರಶ್ನೆಗೆ ನನಗೆ ತೋರುವ ಸಮಾಧಾನವಿದು. ನೋಯುವವರಿಲ್ಲದ ಎಡೆಯಲ್ಲಿ ಪಾಪವಿಲ್ಲದೆ ಹೋಗಬಹುದು. ಆದರೆ ನಾವು ಎಂಥವರೆಂಬುದು ಅಲ್ಲಿಯೂ ಇದ್ದೇ ಇರುತ್ತದೆ, ಮತ್ತು ಬೇರೆಡೆಗಿಂತ ಅಲ್ಲಿಯೇ ಹೆಚ್ಚು ಸ್ಪಷ್ಟವಾಗಿ ತೋರುತ್ತದೆ. ಭಯದಿಂದ ಮಾಡಿದ ಒಳ್ಳೆಯದೂ ಲಾಭಕ್ಕಾಗಿ ಮಾಡಿದ ಒಳ್ಳೆಯದೂ ಅಲ್ಲಿ ಸೋಸಿಹೋಗಿ, ಸ್ವಭಾವದಿಂದ ಮಾಡಿದ್ದೊಂದೇ ಉಳಿಯುತ್ತದೆ. ಮನೆಯಲ್ಲಿ ಮಕ್ಕಳು ಇಂಥ ಆಟದಲ್ಲಿ ಮುಳುಗಿರುವಾಗ ‘ಎಷ್ಟು ಅಂಕ ಬಂತು?’ ಎಂದು ಕೇಳುವ ಹಿರಿಯರು, ‘ದಾರಿಯಲ್ಲಿ ಯಾರನ್ನು ಬಿಟ್ಟುಬಂದೆ, ಏಕೆ ಬಿಟ್ಟೆ?’ ಎಂದೂ ಒಮ್ಮೆ ಕೇಳಿ ನೋಡಲಿ. ಬರುವ ಉತ್ತರವು ಯಾವ ಖಾತೆಯಲ್ಲಿಯೂ ಸಿಕ್ಕತಕ್ಕದ್ದಲ್ಲ.