ಯಾರನ್ನು ನಂಬುವುದು, ಹೇಗೆ ನಂಬುವುದು?

☸️ *ಇಂದಿನ ಧಮ್ಮ ಚಿಂತನೆ* ☸️





ಹಳೇ ಗಾಡಿ ಇಟ್ಟುಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದಿದೆ: "ನಂಬಿಕಸ್ಥ ಮೆಕ್ಯಾನಿಕ್ ಯಾರಾದರೂ ಇದ್ದಾರಾ?" ನಮ್ಮಲ್ಲಿ ಅದರ ಜೊತೆಗೆ ಇನ್ನೊಂದು ಮಾತೂ ಸೇರುತ್ತದೆ: "ನಮ್ಮವರೇ ಆದರೆ ಒಳ್ಳೆಯದು." ಈ ಎರಡು ಮಾತುಗಳನ್ನು ಇವತ್ತು ಧಮ್ಮದ ಬೆಳಕಿನಲ್ಲಿ ನೋಡೋಣ.

ನಮ್ಮ ಮನೆಯಲ್ಲಿರುವುದು 2007ರ ಮಾರುತಿ 800. ಕಂಪನಿ ಆ ಗಾಡಿ ತಯಾರಿಸುವುದನ್ನು 2014ರಲ್ಲೇ ನಿಲ್ಲಿಸಿತು. 15 ವರ್ಷ ತುಂಬಿದ ಮೇಲೆ ಆರ್‌ಟಿಒ ತಪಾಸಣೆ ಮಾಡಿಸಿ, ಇನ್ನೂ 5 ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಓಡಿಸುತ್ತಿದ್ದೇವೆ. ಅಮ್ಮನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವುದು ಅದರಲ್ಲೇ. "ಬ್ರೇಕ್ ಸರಿಯಾಗಿದೆ, ತಗೊಂಡು ಹೋಗಿ" ಎಂದು ಮೆಕ್ಯಾನಿಕ್ ಹೇಳಿದರೆ ಅದು ಜೀವದ ಪ್ರಶ್ನೆ. ಹಾಗೆಂದು ಅವರು ಹೇಳಿದ್ದೇ ವೇದವಾಕ್ಯ ಎಂದು ಒಪ್ಪಿಕೊಳ್ಳುವ ಅಭ್ಯಾಸ ನಮ್ಮದಲ್ಲವಲ್ಲ!

ಸಂಯುತ್ತ ನಿಕಾಯದಲ್ಲಿ ಸತ್ತಜಟಿಲ ಸುತ್ತ ಇದೆ. ಶ್ರಾವಸ್ತಿಯ ಪೂರ್ವಾರಾಮದಲ್ಲಿ ಒಂದು ಸಂಜೆ ಭಗವಾನರು ಬಾಗಿಲ ಹೊರಗೆ ಕುಳಿತಿದ್ದಾರೆ. ಕೋಸಲದ ರಾಜ ಪಸೇನದಿ ಬಂದು ಪಕ್ಕದಲ್ಲಿ ಕುಳಿತಿದ್ದಾನೆ. ಆಗ ಆ ದಾರಿಯಲ್ಲಿ ಜಟಾಧಾರಿಗಳು, ದಿಗಂಬರರು, ಪರಿವ್ರಾಜಕರು, ಹೀಗೆ ಬೇರೆ ಬೇರೆ ವೇಷದ ಸನ್ಯಾಸಿಗಳು ಏಳೇಳು ಜನರ ಗುಂಪಾಗಿ ಹೋಗುತ್ತಾರೆ. ರಾಜ ಎದ್ದು, ಮಂಡಿಯೂರಿ, ಕೈಮುಗಿದು, ಮೂರು ಸಲ ತನ್ನ ಹೆಸರು ಹೇಳಿಕೊಂಡು ಬಂದು, "ಇವರು ಲೋಕದ ಅರಹಂತರ ಪೈಕಿಯವರು" ಎನ್ನುತ್ತಾನೆ. ಭಗವಾನರು ತಲೆದೂಗುವುದಿಲ್ಲ. ಸಂಸಾರಿಯಾದ ನಿನಗೆ ಅದನ್ನು ತಿಳಿಯುವುದು ಕಷ್ಟ ಎಂದು ಹೇಳಿ, ಮನುಷ್ಯನನ್ನು ಅರಿಯುವ ನಾಲ್ಕು ದಾರಿ ತೋರಿಸುತ್ತಾರೆ. ಶೀಲ ತಿಳಿಯುವುದು ಬಹುಕಾಲದ ಒಡನಾಟದಿಂದ. ಶುಚಿತ್ವ ತಿಳಿಯುವುದು ವ್ಯವಹಾರದಿಂದ. ಸ್ಥೈರ್ಯ ತಿಳಿಯುವುದು ಆಪತ್ತಿನಲ್ಲಿ. ಪ್ರಜ್ಞೆ ತಿಳಿಯುವುದು ಮಾತುಕತೆಯಿಂದ. ಅದೂ ಗಮನವಿಟ್ಟು ನೋಡುವವನಿಗೆ ಮಾತ್ರ. ಆಗ ರಾಜ ನಿಜ ಹೇಳುತ್ತಾನೆ: ಹೋದವರು ಸನ್ಯಾಸಿಗಳಲ್ಲ, ಅವನದೇ ಗೂಢಚಾರರು!

ಈ ನಾಲ್ಕನ್ನೂ ಗ್ಯಾರೇಜಿಗೆ ತನ್ನಿ.

*ಮಾತುಕತೆ.* ಎರಡು ಬೇಸಿಗೆ ಹಿಂದೆ ನಮ್ಮ ಗಾಡಿ ಹೀಟ್ ಆಗುತ್ತಿತ್ತು. ಒಂದು ಗ್ಯಾರೇಜಿನವರು ಬಾನೆಟ್ ಎತ್ತಿದವರೇ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹದಿನಾಲ್ಕು ಸಾವಿರ ಆಗುತ್ತೆ" ಎಂದರು. ಇನ್ನೊಬ್ಬರು ಮೊದಲು ಕೇಳಿದರು: "ನಿಂತಾಗ ಮಾತ್ರ ಹೀಟ್ ಆಗುತ್ತಾ, ಓಡುವಾಗಲೂ ಆಗುತ್ತಾ ಮೇಷ್ಟ್ರೇ?" ನಿಂತಾಗ ಮಾತ್ರ ಎಂದೆ. ಎಂಜಿನ್ ಚಾಲೂ ಇಟ್ಟು ಕಾದರು. ಮುಳ್ಳು ಮೇಲೇರಿದರೂ ರೇಡಿಯೇಟರ್ ಫ್ಯಾನ್ ತಿರುಗಲಿಲ್ಲ. ಸ್ವಿಚ್‌ನ ಎರಡು ವೈರ್ ನೇರ ಜೋಡಿಸಿದರು, ಫ್ಯಾನ್ ತಿರುಗಿತು. ಕೆಟ್ಟಿದ್ದು ಆ ಸ್ವಿಚ್ ಒಂದೇ. ಪ್ರಶ್ನೆ ಕೇಳುವವರಿಗೂ ಕೇಳದವರಿಗೂ ಇಷ್ಟು ಅಂತರ.

*ವ್ಯವಹಾರ.* ಕೆಲಸಕ್ಕೆ ಮೊದಲೇ ಅಂದಾಜು ಹೇಳುತ್ತಾರಾ? ಬಿಚ್ಚಿದ ಮೇಲೆ ಬೇರೆ ಕೆಲಸ ಕಂಡರೆ ಫೋನ್ ಮಾಡಿ ಕೇಳುತ್ತಾರಾ? ತೆಗೆದ ಹಳೇ ಪಾರ್ಟ್ ಕೈಗೆ ಕೊಡುತ್ತಾರಾ? ಸ್ಪೇರ್ ಅಂಗಡಿಯ ಬಿಲ್ಲು ಬೇರೆ, ಮಜೂರಿ ಬೇರೆ ತೋರಿಸುತ್ತಾರಾ?

*ಆಪತ್ತು.* ತಮ್ಮ ಕೆಲಸವೇ ಕೆಟ್ಟಾಗ ಏನು ಮಾಡುತ್ತಾರೆ? ಬ್ರೇಕ್ ಶೂ ಹಾಕಿಸಿದ ಮೇಲೆ ಗಾಡಿ ಒಂದು ಕಡೆ ಎಳೆದರೆ, ನಮ್ಮ ಓಡಿಸುವ ರೀತಿಯನ್ನು ದೂರುತ್ತಾರಾ, ವಾಪಸ್ ತರಿಸಿ ಸರಿಮಾಡುತ್ತಾರಾ?

*ಒಡನಾಟ.* ಮೊದಲ ಸಲವೇ ಎಂಜಿನ್ ಬಿಚ್ಚಲು ಕೊಡಬೇಡಿ. ಆಯಿಲ್ ಬದಲಾಯಿಸುವುದು, ಬ್ರೇಕ್ ಟೈಟ್ ಮಾಡಿಸುವುದು, ಇಂಥ ಸಣ್ಣ ಕೆಲಸ ಕೊಟ್ಟು ಪಕ್ಕದಲ್ಲಿ ನಿಂತು ನೋಡಿ. ಕೈಕೆಳಗಿನ ಹುಡುಗರನ್ನು ಹೇಗೆ ಮಾತಾಡಿಸುತ್ತಾರೆ ಎಂಬುದನ್ನೂ ನೋಡಿ.

ಇನ್ನು "ನಮ್ಮವರು" ಎಂಬ ಮಾತು. ಆ ಫ್ಯಾನ್ ಸ್ವಿಚ್ ಹಾಕಿದವರು ನಮ್ಮವರೇ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಸ್ಪ್ಯಾನರ್ ಇಡುವ ಬೀರುವಿನ ಬಾಗಿಲ ಒಳಮೈಗೆ ಬಾಬಾಸಾಹೇಬರ ಫೋಟೋ ಅಂಟಿಸಿದ್ದರು. ಯಾಕೆ ಒಳಗೆ ಎಂದು ಕೇಳಿದೆ. "ಹೊರಗೆ ಹಾಕಿದ್ದೆ ಮೇಷ್ಟ್ರೇ. ಕೆಲವು ಗಿರಾಕಿಗಳು ಬರೋದೇ ಬಿಟ್ಟರು. ಬ್ಯಾಂಕ್ ಕಂತು ಕಟ್ಟಬೇಕಲ್ಲ" ಎಂದರು. ಬಂದು ಮೋಸಹೋಗಿ ಬಿಟ್ಟವರಲ್ಲ ಅವರು. ಫೋಟೋ ನೋಡಿ ಬಿಟ್ಟವರು. ವೇಷ ನೋಡಿ ಕೈಮುಗಿಯುವ ರೋಗವೇ ಇಲ್ಲಿ ಜಾತಿ ನೋಡಿ ಗಾಡಿ ತಿರುಗಿಸುತ್ತದೆ.

ಅದೇ ರೋಗ ನಮಗೂ ಅಂಟಬಾರದು. ಜೈ ಭೀಮ್ ಎಂದ ಮಾತ್ರಕ್ಕೆ ಪರೀಕ್ಷೆಯಿಲ್ಲದೆ ನಂಬುವುದು ಬೇಡ. ಜೈ ಭೀಮ್ ಎನ್ನದವರನ್ನು ಪರೀಕ್ಷೆಯಿಲ್ಲದೆ ದೂರ ಇಡುವುದೂ ಬೇಡ. ಆದರೆ ಬೇರೆಯವರು ಬಾಗಿಲನ್ನೇ ಮುಚ್ಚಿರುವ ಕಡೆ, ಮೊದಲ ಅವಕಾಶವನ್ನಾದರೂ ನಾವು ಕೊಡಬೇಕು. ಅದು ಪಕ್ಷಪಾತವಲ್ಲ. ಯೋಗ್ಯತೆ ತೋರಿಸಲು ಗಾಡಿಯೇ ಸಿಗದಿದ್ದರೆ ಯಾರು ತಾನೇ ಯೋಗ್ಯತೆ ತೋರಿಸಿಯಾರು?

ವ್ಯವಹಾರಕ್ಕೆ ಎರಡು ಕಡೆ ಇದೆ ಎಂಬುದನ್ನೂ ಮರೆಯದಿರೋಣ. "ನಮ್ಮವನೇ ಅಲ್ವಾ" ಎಂದು ಅರ್ಧ ಮಜೂರಿ ಕೊಡುವುದು, ಉದ್ರಿ ಹೇಳಿ ಆ ರಸ್ತೆಯಲ್ಲೇ ಓಡಾಡುವುದನ್ನು ಬಿಡುವುದು ನಮ್ಮಲ್ಲಿ ಇದೆ. ಕೊಡದಿದ್ದುದನ್ನು ತೆಗೆದುಕೊಳ್ಳಬಾರದು ಎಂಬ ಶೀಲ ಅಲ್ಲೇ ಮುರಿಯುತ್ತದೆ. ನಾವು ಮೆಕ್ಯಾನಿಕ್‌ನನ್ನು ಪರೀಕ್ಷಿಸುವಾಗ ಅವರೂ ನಮ್ಮನ್ನು ಪರೀಕ್ಷಿಸುತ್ತಿರುತ್ತಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಧಮ್ಮವನ್ನು ಮನುಷ್ಯ ಮನುಷ್ಯರ ನಡುವಿನ ಸರಿಯಾದ ಸಂಬಂಧವೆಂದು ವಿವರಿಸಿದ್ದಾರೆ. ಆ ಸಂಬಂಧ ವಿಹಾರದಲ್ಲಿ ಮಾತ್ರ ಇದ್ದರೆ ಸಾಲದು, ಗ್ಯಾರೇಜಿನಲ್ಲೂ ಇರಬೇಕು.

*ಇಂದಿನ ಅಭ್ಯಾಸ:* ಯಾರಿಗಾದರೂ ಮೆಕ್ಯಾನಿಕ್, ಪ್ಲಂಬರ್, ಡಾಕ್ಟರ್ ಹೆಸರು ಹೇಳುವಾಗ ಬರೀ ನಂಬರ್ ಕೊಡಬೇಡಿ. ಎಷ್ಟು ವರ್ಷದಿಂದ ಗೊತ್ತು, ಯಾವ ಕೆಲಸ ಮಾಡಿಸಿದ್ದೀರಿ, ಏನು ಕಂಡಿರಿ ಎಂಬುದನ್ನೂ ಎರಡು ಸಾಲು ಹೇಳಿ. ಯಾರಿಗಾದರೂ ಮಜೂರಿ ಬಾಕಿ ಇದ್ದರೆ ಇವತ್ತೇ ಕೊಟ್ಟುಬಿಡಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. 🙏